ಲೈನಣ್ಣನ ಹತ್ತು ಮನೆ

ಲೈನಣ್ಣ ತೀರಿಕೊಂಡ ಸುದ್ದಿ ನನಗೆ ಮುಟ್ಟಿದ್ದು ಮೂರನೇ ದಿನ. ಕರೆಂಟು ಹೋಗಿ, ಟವರಿನ ಬ್ಯಾಟರಿ ಮುಗಿದು, ನಮ್ಮೂರಿನ ಮೊಬೈಲುಗಳೆಲ್ಲ ಎರಡು ದಿನ ಬರೀ ಟಾರ್ಚುಗಳಾಗಿದ್ದವು. ಸಿಗ್ನಲ್ ಬಂದ ಕೂಡಲೇ ಮೆಸೇಜುಗಳು ದಬದಬ ಬಿದ್ದವು. ಯಾರದೋ ಹುಟ್ಟುಹಬ್ಬ, ಯಾರದೋ ಕಳೆದುಹೋದ ಎಮ್ಮೆ, ಸೊಸೈಟಿಗೆ ಅಕ್ಕಿ ಬಂದಿದೆ, ಇವುಗಳ ನಡುವೆ ಇದೂ ಒಂದು. ಅಷ್ಟು ಹೊತ್ತಿಗೆ ಅಲ್ಲಿ ಸಂಸ್ಕಾರ ಮುಗಿದಿತ್ತು. ಜನ್ಮವಿಡೀ ಊರಿಂದೂರಿಗೆ ಸುದ್ದಿ ದಾಟಿಸಲು ಕಂಬ ಹತ್ತಿದ ಮನುಷ್ಯನ ಸುದ್ದಿಯೇ ದಾರಿಯಲ್ಲಿ ಸಿಕ್ಕಿಕೊಂಡಿತಲ್ಲ ಎಂದು ಮೊದಲು ಸಿಟ್ಟು ಬಂತು. ಅಳು ಬಂದದ್ದು ಆಮೇಲೆ, ಮುದ್ರೆ ಒತ್ತುತ್ತಾ ಕೂತಿದ್ದಾಗ.

ನಾನು ಹೊಸನಗರ ತಾಲ್ಲೂಕಿನಲ್ಲಿ, ಲಿಂಗನಮಕ್ಕಿಯ ಹಿನ್ನೀರಿಗೆ ತಾಗಿದ ಒಂದು ಹಳ್ಳಿಯ ಅಂಚೆ ಕಚೇರಿ ನಡೆಸುವವಳು. ಕಚೇರಿ ಎಂದರೆ ದೊಡ್ಡದೇನಲ್ಲ. ನಮ್ಮ ಮನೆಯ ಮುಂದಿನ ಕೋಣೆ, ಒಂದು ಮೇಜು, ಒಂದು ಕಬ್ಬಿಣದ ಪೆಟ್ಟಿಗೆ, ಗೋಡೆಗೆ ತಾಗಿಸಿದ ಬೆಂಚು. ಆ ಮೇಜಿನ ಮೇಲೆ ಊರವರೆಲ್ಲ ಬಂದು ಮಾತಾಡುವ ಫೋನೂ ಇತ್ತು. ಹಾಗಾಗಿ ನಾನು ಎಲ್ಲರಿಗೂ ಪೋಸ್ಟಕ್ಕ. ಅವರು ದೂರವಾಣಿ ಇಲಾಖೆಯ ಲೈನ್‌ಮನ್, ಹಾಗಾಗಿ ಎಲ್ಲರಿಗೂ ಲೈನಣ್ಣ. ಅಪ್ಪ ಅಮ್ಮ ಇಟ್ಟ ಹೆಸರೊಂದು ಇದ್ದೇ ಇತ್ತು. ಅದನ್ನಿಲ್ಲಿ ಬರೆದರೆ ಅದು ಯಾರು ಎಂದು ನಮ್ಮೂರಿನವರೇ ಕೇಳುತ್ತಾರೆ.

ತೀರ್ಥಹಳ್ಳಿ ಕಡೆಯವರು. ನಮ್ಮೂರಿನ ಟೆಲಿಫೋನ್ ಎಕ್ಸ್‌ಚೇಂಜಿನ ಪಕ್ಕದಲ್ಲೇ ಒಂದು ರೂಮು ಮಾಡಿಕೊಂಡಿದ್ದು, ಶನಿವಾರ ಸಂಜೆಯ ಬಸ್ಸಿಗೆ ಮನೆಗೆ ಹೋಗಿ ಸೋಮವಾರ ಬರುತ್ತಿದ್ದರು. ಬಸ್ಸು ಹತ್ತಿದರೋ ಇಲ್ಲವೋ ಎಂದು ಅವರ ಹೆಂಡತಿ ನಮ್ಮ ಪೋಸ್ಟಾಫೀಸಿಗೆ ಫೋನು ಮಾಡಿ ಕೇಳುತ್ತಿದ್ದರು. ವರ್ಷಗಟ್ಟಲೆ ಹೀಗೆ ಮಾತಾಡಿಕೊಂಡೆವು, ಮುಖ ಮಾತ್ರ ನೋಡಿರಲಿಲ್ಲ.

ಲೈನಣ್ಣ ಆಕಾಶ ನೋಡುತ್ತಾ ನಡೆಯುವ ಆಸಾಮಿ. ಮದುವೆ ಮನೆಗೆ ಬಂದರೂ ಮೊದಲು ನೋಡುವುದು ಚಪ್ಪರವನ್ನಲ್ಲ, ಚಪ್ಪರದ ಮೇಲೆ ಹೋದ ವಯರನ್ನು. ಹೀಗೆ ನೋಡುತ್ತಲೇ ಒಂದು ಸಲ ನಮ್ಮ ಗೊಬ್ಬರದ ಗುಂಡಿಗೆ ಮೊಣಕಾಲವರೆಗೆ ಇಳಿದರು. ಇಳಿದ ಮೇಲೂ ಕಣ್ಣು ವಯರಿನ ಮೇಲೇ ಇತ್ತು.

"ಸ್ವಲ್ಪ ನೆಲ ನೋಡಿ ನಡೀರಿ ಲೈನಣ್ಣ" ಅಂದೆ, ಕಾಲು ತೊಳೆಯಲು ನೀರು ಕೊಡುತ್ತಾ.

"ನೆಲಕ್ಕೆಂತ ಆಗ್ತದೆ ಪೋಸ್ಟಕ್ಕ? ಅದು ಇದ್ದಲ್ಲೇ ಇರ್ತದೆ. ಮೇಲಿಂದು ಹೇಳಕ್ಕೆ ಬರಲ್ಲ."

ಇಲಾಖೆಯ ಕಾಗದದಲ್ಲಿ ಪ್ರತಿ ಲೈನಿಗೂ ಒಂದು ನಂಬರು ಇತ್ತು. ಲೈನಣ್ಣನ ಬಾಯಲ್ಲಿ ಅವಕ್ಕೆಲ್ಲ ಮರದ ಹೆಸರು. ಶಾಲೆಯದ್ದು ಹಲಸಿನ ಲೈನು, ಡೈರಿಯದ್ದು ಅತ್ತಿ ಲೈನು, ನಮ್ಮದು ನಂದಿ ಮರದ ಲೈನು. ಕಂಬಗಳಿಗಿಂತ ಮರಗಳೇ ವಯರು ಹೊರುತ್ತಿದ್ದವು. ಮರಕ್ಕೆ ಮೊಳೆ ಹೊಡೆಯುತ್ತಿರಲಿಲ್ಲ. ಸೈಕಲ್ಲಿನ ಹಳೇ ಟ್ಯೂಬನ್ನು ಪಟ್ಟಿ ಕತ್ತರಿಸಿ ಕಟ್ಟುತ್ತಿದ್ದರು. ಮರ ದಪ್ಪ ಆದಂತೆ ಟ್ಯೂಬೂ ಎಳೆದುಕೊಳ್ಳುತ್ತದಂತೆ. ಹೊಸನಗರದ ಸೈಕಲ್ ಶಾಪಿನವನು ಇವರಿಗಾಗಿಯೇ ಹರಿದ ಟ್ಯೂಬುಗಳನ್ನು ಎತ್ತಿಡುತ್ತಿದ್ದ.

ಫೋನು ಕೆಟ್ಟರೆ ಲೈನಣ್ಣ ಕೇಳುವ ಮೊದಲ ಪ್ರಶ್ನೆ, "ಕಿವಿಗೆ ಹಿಡಿದ್ರೆ ಎಂತ ಅಂತದೆ?" ಎಂದು. ಕರಕರ ಅಂದರೆ ಜಾಯಿಂಟಿಗೆ ನೀರು ಹೋಗಿದೆ. ಗುಂಯ್ ಅಂದರೆ ಹಸಿ ಕೊಂಬೆಗೆ ತಾಗಿದೆ. ಎಂತದೂ ಅನ್ನದಿದ್ದರೆ ಮಂಗ. ನೂರಕ್ಕೆ ತೊಂಬತ್ತು ಸಲ ಅವರ ಮಾತೇ ನಿಜವಾಗುತ್ತಿತ್ತು. ನಮ್ಮ ಕಡೆಯ ಮುಸಿಯಗಳಿಗೆ, ಅಂದರೆ ಕಪ್ಪು ಮುಖದ ಮಂಗಗಳಿಗೆ, ಲೈನಣ್ಣ ಕಟ್ಟಿದ ವಯರೇ ಜೋಕಾಲಿ. "ನಾನು ಕಟ್ಟೋದು, ಅವು ಆಡೋದು. ಇಬ್ರಿಗೂ ಇಲಾಖೆಯೇ ಗತಿ" ಎನ್ನುತ್ತಿದ್ದರು. ಮಳೆಗೂ ಹೆದರಿದವರಲ್ಲ. ನಮ್ಮೂರಿಗೆ ಬರುವ ಮುಂಚೆ ಮಾಸ್ತಿಕಟ್ಟೆಯಲ್ಲಿ ಕೆಲಸ ಮಾಡಿದ್ದರು. ಅಲ್ಲಿಯ ಮಳೆ ಕಂಡವನಿಗೆ ಇಲ್ಲಿಯದ್ದು ಪನ್ನೀರು ಚಿಮುಕಿಸಿದ ಹಾಗೆ ಎಂಬುದು ಅವರ ಜಂಬ.

ನಮ್ಮಿಬ್ಬರಿಗೂ ಸದಾ ಕಿತಾಪತಿ. ಸಾಗರದಿಂದ ಒಂದು ಕಾಗದ ಹಿನ್ನೀರು ಬಳಸಿ ನಮ್ಮೂರಿಗೆ ಬರಲು ನಾಲ್ಕು ದಿನ ಆಗುತ್ತದೆ, ಅಷ್ಟರಲ್ಲಿ ತಾನು ಅದೇ ವಿಷಯ ಅಮೆರಿಕಕ್ಕೂ ಮುಟ್ಟಿಸುತ್ತೇನೆ ಎಂದು ಅವರು. ಮುಟ್ಟಿಸಬಹುದು, ಆದರೆ ಮುಸಿಯನ ಅಪ್ಪಣೆ ಬೇಕು ಎಂದು ನಾನು. ಬೆಂಚಿನ ಮೇಲೆ ಕೂತು ಒಂದು ಲೋಟ ಕಾಫಿ ಕುಡಿಯುವವರೆಗೆ ಇದು ನಡೆಯುತ್ತಿತ್ತು. ಕಾಫಿ ಮುಗಿದ ಕೂಡಲೇ ಏಣಿ ಹೆಗಲಿಗೆ ಹಾಕಿಕೊಂಡು ಹೊರಟುಬಿಡುತ್ತಿದ್ದರು.

ನಾನು ಮಾಡಿದ ಒಂದು ಎಡವಟ್ಟಿನಿಂದ ನಮ್ಮೂರಿನ ಭಾಷೆಯೇ ಬದಲಾದ ಕತೆಯನ್ನು ಹೇಳಲೇಬೇಕು. ಕೆಟ್ಟ ಫೋನಿಗೆ ಎಲ್ಲರೂ 'ಡೆಡ್' ಅನ್ನುತ್ತಿದ್ದರು. ಅಂಗಡಿ ಶೇಷಪ್ಪನ ಫೋನು ಕೆಟ್ಟಾಗ ನಮ್ಮದೂ ಕೆಟ್ಟಿತ್ತು. ಲೈನಣ್ಣ ಆ ದಿನ ಹೊಸನಗರದ ಆಫೀಸಿಗೆ ಹೋಗಿದ್ದರು. ನಾನು ಒಂದು ಚೀಟಿಯಲ್ಲಿ 'ಅಂಗಡಿ ಶೇಷಪ್ಪ ಡೆಡ್' ಎಂದು ಬರೆದು, ಅವರಿಗೆ ಕೊಡಿ ಎಂದು ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟೆ. ಕಂಡಕ್ಟರ್ ಚೀಟಿ ಓದಿದ. ಬಸ್ಸು ನಿಂತಲ್ಲೆಲ್ಲ ಸುದ್ದಿ ಇಳಿಸಿದ. ಮಧ್ಯಾಹ್ನದ ಹೊತ್ತಿಗೆ ಶೇಷಪ್ಪನ ಹೆಂಡತಿಯ ಕಡೆಯವರು ಹಾರ, ಊದುಬತ್ತಿ ಸಮೇತ ಜೀಪಿನಲ್ಲಿ ಬಂದಿಳಿದರು. ಶೇಷಪ್ಪ ಬೆಲ್ಲ ತೂಗುತ್ತಾ ನಿಂತಿದ್ದ.

ಮರುದಿನ ಲೈನಣ್ಣ ಬಂದವರು ನಗಲಿಲ್ಲ. "ಸತ್ತದ್ದು ಸರಿಯಾಗಲ್ಲ ಪೋಸ್ಟಕ್ಕ, ನಮ್ದು ಸರಿಯಾಗ್ತದೆ. ಇನ್ಮೇಲೆ ಆ ಶಬ್ದ ಬೇಡ. ಮಾತಿಲ್ಲ ಅಂತ ಬರೀರಿ" ಎಂದರು. ಅವತ್ತಿನಿಂದ ಎಲ್ಲರ ಬಾಯಲ್ಲೂ ಅದೇ ಬಂತು. "ನಾಲ್ಕು ದಿನದಿಂದ ಮಾತಿಲ್ಲ" ಎಂದು ಯಾರಾದರೂ ಹೆಂಗಸು ಬಂದು ಹೇಳಿದರೆ "ಫೋನಾ, ಯಜಮಾನ್ರಾ?" ಎಂದು ನಾನು ಕೇಳಬೇಕಾಗುತ್ತಿತ್ತು. ಯಜಮಾನರು ಎಂದಾದರೆ ಲೈನಣ್ಣನ ಕೈಯಲ್ಲೂ ಆಗದ ಕೆಲಸ.

ಆಮೇಲೆ ಮೊಬೈಲು ಬಂತು. ಸಾಗರ ರಸ್ತೆಯ ಗುಡ್ಡದ ಮೇಲೆ ಟವರು ಎದ್ದಿತು. ನಮ್ಮ ದಡದಲ್ಲಿ ಅಂಗಳದ ಮೂಲೆ, ಬಾವಿಕಟ್ಟೆ, ಹುಲ್ಲಿನ ಬಣವೆಯ ಪಕ್ಕ ಎಂದು ಅಲ್ಲಲ್ಲಿ ಸಿಗ್ನಲ್ ಸಿಗತೊಡಗಿತು. ನೀರಿನ ಆಚೆ ದಡದ ಮೂರು ಮನೆಗಳಿಗೆ ಅದೂ ಇಲ್ಲ. ಗುಡ್ಡ ಅಡ್ಡ. ಜನ ಒಬ್ಬೊಬ್ಬರಾಗಿ ಲ್ಯಾಂಡ್‌ಲೈನು ಬೇಡ ಎಂದು ಅರ್ಜಿ ಕೊಟ್ಟರು. ಸರೆಂಡರ್ ಎನ್ನುತ್ತಿದ್ದರು ಅದಕ್ಕೆ. ಒಂದು ಕಾಲದಲ್ಲಿ ಫೋನಿಗೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾದ ಮನೆಯವರೇ ಈಗ ಪೆಟ್ಟಿಗೆಯನ್ನು ಚೀಲದಲ್ಲಿ ಹಾಕಿ ತಂದು ಎಕ್ಸ್‌ಚೇಂಜಿನ ಕಟ್ಟೆ ಮೇಲಿಟ್ಟು ಹೋಗುತ್ತಿದ್ದರು. ಸತ್ತ ಬೆಕ್ಕನ್ನು ಬಿಟ್ಟು ಹೋದ ಹಾಗೆ ಎಂದು ಲೈನಣ್ಣ ಒಂದು ದಿನ ಅಂದರು. ಫೋನಿಗೆ ಅವರು ಸತ್ತ ಎಂಬ ಶಬ್ದ ಬಳಸಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಹತ್ತು ಮನೆಗಿಂತ ಕಡಿಮೆಯಾದರೆ ಎಕ್ಸ್‌ಚೇಂಜ್ ಮುಚ್ಚುವುದು ಎಂದು ಮೇಲಿನವರು ಅವರಿಗೆ ಬಾಯಿಮಾತಿನಲ್ಲಿ ಹೇಳಿದ್ದರಂತೆ. ಲೈನಣ್ಣ ಅಂದಿನಿಂದ ಹತ್ತರ ಜಪ ಶುರು ಮಾಡಿದರು. ಶಾಲೆ, ಸೊಸೈಟಿ, ಹಾಲಿನ ಡೈರಿ, ಶೇಷಪ್ಪನ ಅಂಗಡಿ, ದೇವಸ್ಥಾನದ ಭಟ್ಟರು, ಕೆಳಗಿನ ಕೇರಿಯ ಅಜ್ಜ, ಆಚೆ ದಡದ ಮೂರು ಮನೆ, ಮತ್ತೆ ನಾನು. ಬೆರಳು ಮಡಚಿ ಎಣಿಸಿದರೆ ಸರಿಯಾಗಿ ಹತ್ತು. ಎರಡು ಕೈಯ ಬೆರಳು ಮುಗಿದ ಮೇಲೆ ನನ್ನ ಮುಖ ನೋಡಿ ನಗುತ್ತಿದ್ದರು. ಕೆಳಗಿನ ಕೇರಿಯ ಅಜ್ಜನಿಗೆ ಎರಡೂ ಕಿವಿ ಕೇಳುವುದಿಲ್ಲ. "ಕೇಳದಿದ್ರೆ ಎಂತಾತು, ಲೈನಣ್ಣ ಬರ್ತಾನಲ್ಲ ನೋಡಕ್ಕೆ, ಇರ್ಲಿ" ಎಂದು ಅಜ್ಜ ಫೋನು ಇಟ್ಟುಕೊಂಡಿದ್ದ.

"ಅಷ್ಟು ಹಟ ಯಾಕೆ ಲೈನಣ್ಣ? ಮುಚ್ಚಿದ್ರೆ ನಿಮಗೆ ಊರಿನ ಹತ್ರವೇ ವರ್ಗ ಆಗಬಹುದಲ್ಲ" ಎಂದು ಕೇಳಿದ್ದೆ.

"ನಂಗೇನು, ಹೋಗ್ತೀನಿ. ಆಚೆ ದಡದೋರು ಎಲ್ಲಿಗೆ ಹೋಗ್ತಾರೆ? ಅವರಿಗೆ ಈ ವಯರು ಬಿಟ್ರೆ ಕೂಗು ಹಾಕೋದೇ ಗತಿ. ಅದೂ ಗಾಳಿ ಈ ಕಡೆಗೆ ಇದ್ರೆ ಮಾತ್ರ ಕೇಳ್ತದೆ." ಏಣಿ ಎತ್ತಿಕೊಳ್ಳುತ್ತಾ ಹೇಳಿದರು, "ಮೂರು ಮನೆಗೆ ಮಾತು ಬೇಕು ಅಂದ್ರೆ ಏಳು ಮನೆಯೋರು ಫೋನು ಇಟ್ಕಂಡು ಕೂರ್ಬೇಕು. ಲೆಕ್ಕ ಅಷ್ಟೇ."

ಆ ಏಳರಲ್ಲಿ ನಾನೂ ಒಬ್ಬಳು ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿಲ್ಲದೆ ಮಾಡಿದೆ ಎಂದು ಈಗ ಹೇಳಿದರೆ ಅದು ಸುಳ್ಳು.

ಆ ವರ್ಷ ಆಷಾಢದ ಗಾಳಿಗೆ ದೊಡ್ಡ ಮತ್ತಿ ಮರವೊಂದು ಬುಡಸಮೇತ ಬಿದ್ದು, ಬೀಳುವಾಗ ಎಲ್ಲ ಕಡೆಯ ವಯರುಗಳನ್ನೂ ಎಳೆದುಕೊಂಡು ಹೋಯಿತು. ಹತ್ತಕ್ಕೆ ಹತ್ತೂ ಮನೆಗೆ ಮಾತಿಲ್ಲ. ಲೈನಣ್ಣ ಒಬ್ಬರೇ. ಮೊದಲ ಎರಡು ದಿನ ನಾನೂ ಅಯ್ಯೋ ಪಾಪ ಅಂದೆ. ಐದನೇ ದಿನ ಆಚೆ ದಡದ ಮನೆಗಳು ಸರಿಯಾದವು. ಸಂತೋಷವೇ ಆಯಿತು. ಆಮೇಲೆ ಶಾಲೆಯದ್ದು ಸರಿಯಾಯಿತು. ಡೈರಿ, ಸೊಸೈಟಿ, ಭಟ್ಟರು, ಶೇಷಪ್ಪ, ದಿನ ಬಿಟ್ಟು ದಿನ ಒಂದೊಂದೇ. ನಮ್ಮ ಮನೆ ಮುಂದೆಯೇ ಏಣಿ ಹೊತ್ತು ಹೋಗುತ್ತಿದ್ದರು. ನಾನು ಬಾಗಿಲಲ್ಲಿ ನಿಂತಿದ್ದರೆ ಕೈ ಎತ್ತುತ್ತಿದ್ದರು, ನಿಲ್ಲುತ್ತಿರಲಿಲ್ಲ. ಕಾಫಿಗೂ ಬರಲಿಲ್ಲ. ಹದಿನೇಳನೇ ದಿನ ಕೆಳಗಿನ ಕೇರಿಯ ಅಜ್ಜನ ಸೊಸೆ ಬೆಂಚಿನ ಮೇಲೆ ಕೂತು, "ನಮ್ಮನೇದು ನಿನ್ನೆ ಸರಿ ಮಾಡಿಕೊಟ್ರು ಪೋಸ್ಟಕ್ಕ, ನಿಮ್ದು ಆಯ್ತಾ?" ಎಂದು ಕೇಳಿದಳು.

ನನಗೆ ಮೈ ಉರಿದುಹೋಯಿತು. ಕಿವುಡಜ್ಜನಿಗೆ ಮಾತು ಬಂತು, ಊರಿಗೆಲ್ಲ ಬೇಕಾದ ಪೋಸ್ಟಾಫೀಸಿಗೆ ಇಲ್ಲ. ಇಷ್ಟು ವರ್ಷ ಕಾಫಿ ಕುಡಿದು ಹೋದ ಋಣಕ್ಕಾದರೂ ಬೇಡವೇ? ಅದೇ ವಾರ ನಮಗೆ ಅಂಚೆ ಇಲಾಖೆಯಿಂದ ಹೊಸ ಮೊಬೈಲು ಯಂತ್ರ ಬಂದಿತ್ತು. ಕಿಟಕಿ ಹತ್ತಿರ ಹಿಡಿದರೆ ಎರಡು ಕಡ್ಡಿ ಸಿಗ್ನಲ್ ತೋರಿಸುತ್ತಿತ್ತು. ಯಾರ ಹಂಗೂ ಬೇಡ ಅನ್ನಿಸಿತು. ಹದಿನೆಂಟನೇ ದಿನ ಒಂದು ಹಾಳೆ ತೆಗೆದು, ನನ್ನ ಹೆಸರಿನಲ್ಲಿರುವ ದೂರವಾಣಿ ಸಂಪರ್ಕ ಬೇಡ, ದಯವಿಟ್ಟು ರದ್ದು ಮಾಡುವುದು ಎಂದು ಬರೆದು, ನಾನೇ ಅಂಟಿಸಿ, ನಾನೇ ಮುದ್ರೆ ಒತ್ತಿ, ನಾನೇ ಚೀಲಕ್ಕೆ ಹಾಕಿ ಹೊಸನಗರಕ್ಕೆ ಕಳಿಸಿದೆ. ಮನೆಯವರು "ಒಂದು ಮಾತು ಕೇಳ್ಬೇಕಿತ್ತು" ಅಂದರು. ಅವರ ಮೇಲೂ ಹಾರಿಬಿದ್ದೆ.

ಮೂರು ದಿನ ಬಿಟ್ಟು ಲೈನಣ್ಣ ಬಂದರು. ಜೇಬಿನಲ್ಲಿ ನನ್ನ ಅರ್ಜಿ ಇತ್ತು, ಆಫೀಸಿನವರು ಅವರ ಕೈಗೇ ಕೊಟ್ಟು ಕಳಿಸಿದ್ದರು.

"ನಿಮ್ಮ ಅಂಚೆ ಈ ಸಲ ಭಾರಿ ಬೇಗ ಮುಟ್ತು ಪೋಸ್ಟಕ್ಕ" ಎಂದರು. ಕಿತಾಪತಿಯ ಮಾತೇ, ಆದರೆ ದನಿಯಲ್ಲಿ ಕಿತಾಪತಿ ಇರಲಿಲ್ಲ.

ನಾನು ಬಾಯಿ ಬಿಟ್ಟೆ. "ಊರಿಗೆಲ್ಲ ಸರಿ ಮಾಡಿದ್ರಿ. ಕಿವಿ ಕೇಳದೋರಿಗೂ ಮಾಡಿದ್ರಿ. ನಾವು ಎಂತ ಪಾಪ ಮಾಡಿದ್ವಿ? ನಮ್ದು ಮಾತ್ರ ಕಡೆಗಾ?"

"ಹೌದು. ಕಡೆಗೆ ಅಂತಲೇ ಇಟ್ಟಿದ್ದೆ" ಎಂದರು. ನೆಟ್ಟಗೆ ಮುಖ ನೋಡಿಯೇ ಹೇಳಿದರು. ಇನ್ನೇನೂ ವಿವರಿಸಲಿಲ್ಲ. ಬೇಕೆಂದೇ ಹಾಗೆ ಮಾಡಿದೆ ಎಂದು ಮುಖಕ್ಕೇ ಹೇಳುತ್ತಾರಲ್ಲ ಎಂದು ನನ್ನ ಸಿಟ್ಟು ಇನ್ನೂ ಏರಿತು.

ಪೆಟ್ಟಿಗೆ ಬಿಚ್ಚಿಕೊಂಡು ಹೋಗುತ್ತಾರೆ ಅಂದುಕೊಂಡಿದ್ದೆ. ಅವರು ಏಣಿ ಎತ್ತಿಕೊಂಡು ಹೊರಗೆ ಹೋದರು. ನಂದಿ ಮರಕ್ಕೆ ಏಣಿ ಆನಿಸಿ ಹತ್ತಿದರು. ಹೊಸ ವಯರು ಎಳೆದು, ಹೊಸ ಟ್ಯೂಬಿನ ಪಟ್ಟಿ ಸುತ್ತಿ, ಜಾಯಿಂಟು ಹಾಕಿದರು. ಎರಡು ತಾಸಿಗೂ ಮಿಕ್ಕಿ ಹಿಡಿಯಿತು. ನಾನು ಒಳಗೆ ಕೂತು ಏನೋ ಬರೆಯುತ್ತಿರುವ ಹಾಗೆ ಮಾಡುತ್ತಿದ್ದೆ. ಮೇಜಿನ ಮೇಲಿನ ಫೋನು ರಿಂಗಾಯಿತು. ಎತ್ತಿದೆ.

"ಕೇಳ್ತದಾ?" ಮರದ ಮೇಲಿಂದ, ಸೊಂಟಕ್ಕೆ ನೇತುಹಾಕಿಕೊಂಡ, ಲೈನು ಪರೀಕ್ಷಿಸುವ ಅವರ ಫೋನಿನಿಂದ.

"ಕೇಳ್ತದೆ" ಎಂದೆ.

"ಚೊಲೋ ಕೇಳ್ತದಾ? ಕರಕರ ಇಲ್ಲ ಅಲ್ವಾ?"

"ಇಲ್ಲ."

ಇಳಿದು ಬಂದು ಕೈ ತೊಳೆದುಕೊಂಡರು. "ಕೆಟ್ಟ ಫೋನು ವಾಪಸ್ ತಗಂಡು ಹೋದ ಅಂತ ಆಗ್ಬಾರ್ದು ಪೋಸ್ಟಕ್ಕ" ಎಂದು ಅರ್ಜಿ ಮೇಜಿನ ಮೇಲಿಟ್ಟು, ಪೆಟ್ಟಿಗೆ ವಾಪಸ್ ಕೊಟ್ಟಿದ್ದೇನೆ ಎಂದು ಸಹಿ ಹಾಕಬೇಕಾದ ಜಾಗ ತೋರಿಸಿದರು. ಇಟ್ಟು ಹೋಗಿ ಲೈನಣ್ಣ ಎಂದು ಮೂರು ಮಾತು ಹೇಳಿದ್ದರೆ ಸಾಕಿತ್ತು. ಬಾಯಿಗೆ ಬಂದಿತ್ತು. ಮಾನ ಎಂಬುದೊಂದು ಅಡ್ಡ ಬಂತು. ಸಹಿ ಹಾಕಿದೆ. ಅವರು ವಯರು ಕಿತ್ತು, ಪೆಟ್ಟಿಗೆಯ ಧೂಳನ್ನು ತಮ್ಮ ಟವೆಲಿನಲ್ಲಿ ಒರೆಸಿ ಚೀಲಕ್ಕೆ ಹಾಕಿಕೊಂಡರು. ಕಾಫಿ ಮಾಡಲೇ ಎಂದು ಕೇಳಿದೆ. ಇನ್ನೊಂದು ದಿನ ಎಂದರು.

ದೀಪಾವಳಿ ಕಳೆದ ಮೇಲೆ ಎಕ್ಸ್‌ಚೇಂಜಿಗೆ ಬೀಗ ಬಿತ್ತು. ಒಂಬತ್ತು ಮನೆ ಸಾಲಲಿಲ್ಲ. ಲೈನಣ್ಣ ಸ್ವಯಂ ನಿವೃತ್ತಿ ತೆಗೆದುಕೊಂಡು ಊರಿಗೆ ಹೋದರು. ಹೋಗುವ ದಿನ ಒಂಬತ್ತು ಮನೆಗೂ ಹೋಗಿ ಹೇಳಿ ಬಂದರಂತೆ. ನಮ್ಮಲ್ಲಿಗೂ ಬಂದಿದ್ದರು, ನಾನು ಹೆಡ್ ಆಫೀಸಿಗೆ ಹೋಗಿದ್ದೆ. ಆಚೆ ದಡದವರು ಇವತ್ತಿಗೂ ಒಂದು ಮಾತಾಡಬೇಕಾದರೆ ಗುಡ್ಡದ ನೆತ್ತಿ ಹತ್ತುತ್ತಾರೆ. ಕಳೆದ ಚುನಾವಣೆಗೆ, ನೆಟ್‌ವರ್ಕ್ ಇಲ್ಲ ಅಂದ್ರೆ ಓಟೂ ಇಲ್ಲ ಎಂದು ಬೋರ್ಡು ಕಟ್ಟಿದ್ದರು. ಆ ಬೋರ್ಡಿನ ಮುಂದೆ ನಿಲ್ಲಲು ನನಗೆ ಧೈರ್ಯ ಬರಲಿಲ್ಲ. ನಮ್ಮ ದಡಕ್ಕೆ ಈಗ ಫೈಬರ್ ಇಂಟರ್‌ನೆಟ್ ಬಂದಿದೆ. ಕಪ್ಪು ವಯರು ಮತ್ತೆ ಮರದಿಂದ ಮರಕ್ಕೆ ಹೋಗಿದೆ. ಅದನ್ನು ಎಳೆದವರು ಮೊಳೆ ಹೊಡೆದಿದ್ದಾರೆ. ನಂದಿ ಮರದಲ್ಲಿ ಮೊಳೆ ಕಂಡ ದಿನ ಅವರೊಡನೆ ಜಗಳ ಆಡಿದೆ. ಲೈನಣ್ಣ ಇದ್ದಿದ್ದರೆ ಎಂದು ಎಷ್ಟು ಸಲ ಅಂದುಕೊಂಡಿದ್ದೇನೋ ಲೆಕ್ಕವಿಲ್ಲ. ಜೀವಂತ ಇದ್ದ ಮನುಷ್ಯ, ತೀರ್ಥಹಳ್ಳಿಗೆ ಎರಡು ಬಸ್ಸು ಬದಲಿಸಿದರೆ ಮುಗಿಯಿತು. ನಾನು ಹೋಗಲಿಲ್ಲ. ಯಾವ ಮುಖ ಇಟ್ಟುಕೊಂಡು ಹೋಗುವುದು ಎಂದು ವರ್ಷ ವರ್ಷ ತಳ್ಳಿದೆ.

ಲೈನಣ್ಣ ತೀರಿಕೊಂಡ ಹದಿಮೂರನೇ ದಿನದ ಊಟಕ್ಕೆ ಹೋದೆ. ಅಂಗಳದಲ್ಲಿ ನಿಂತು "ಲೈನಣ್ಣನ ಮನೆ ಇದೇಯಾ?" ಎಂದು ಕೇಳಿದೆನಷ್ಟೇ, ಒಳಗಿನಿಂದ ಅವರ ಹೆಂಡತಿ "ಪೋಸ್ಟಕ್ಕ ಬಂದ್ರು" ಎಂದರು. ದನಿಯಲ್ಲೇ ಗುರುತು ಹಿಡಿದಿದ್ದರು. ಅಡುಗೆಮನೆಯ ಬಾಗಿಲ ಹತ್ತಿರ ಗೋಡೆಗೊರಗಿ ಕೂತಿದ್ದರು. ನಾನೂ ಪಕ್ಕದಲ್ಲಿ ಕೂತೆ. ಇಬ್ಬರೂ ಸ್ವಲ್ಪ ಹೊತ್ತು ಅತ್ತೆವು.

ಮೊದಲ ಪಂಕ್ತಿಗೆ ಎಲೆ ಹಾಕಿದರು. ದೂರದವರು ಕೂತುಬಿಡಿ, ಬಸ್ಸಿಗೆ ಹೊತ್ತಾಗ್ತದೆ ಎಂದು ಯಾರೋ ನನ್ನನ್ನು ಕರೆದರು. ಏಳಲು ಹೊರಟೆ. ಲೈನಣ್ಣನ ಹೆಂಡತಿ ನನ್ನ ಕೈ ಹಿಡಿದುಕೊಂಡರು.

"ಇವರನ್ನ ಈಗ ಕೂರಿಸ್ಬೇಡಿ. ಪೋಸ್ಟಕ್ಕ ನಮ್ಮ ಸಂಗಡ ಕಡೇ ಪಂಕ್ತಿಗೆ ಕೂರ್ತಾರೆ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಬೇಜಾರು ಮಾಡ್ಕಬೇಡಿ. ಅವರು ಹಂಗೇ ಹೇಳಿದ್ರು. ಆ ವರ್ಷ ಮರ ಬಿದ್ದು ಲೈನೆಲ್ಲ ಹೋಗಿತ್ತಲ್ಲ, ಎರಡು ಶನಿವಾರ ಮನೆಗೇ ಬರ್ಲಿಲ್ಲ. ಎಕ್ಸ್‌ಚೇಂಜಿಗೆ ಫೋನ್ ಮಾಡಿದಾಗ ನಾನೇ ಕೇಳ್ದೆ, ಪಾಪ ಪೋಸ್ಟಕ್ಕಂದು ಮೊದಲು ಮಾಡಿಕೊಡ್ಬಾರ್ದಾ ಅಂತ. ನಂಗೇ ಬೈದ್ರು. ಊಟಕ್ಕೆ ಬಂದೋರನ್ನ ಬಿಟ್ಟು ಯಾರಾದ್ರೂ ಮನೆಯೋರಿಗೆ ಮೊದಲು ಬಡಿಸ್ತಾರಾ? ಪೋಸ್ಟಕ್ಕ ನಮ್ಮ ಮನೆಯೋರು, ಕಡೆಗೆ ಕೂರ್ತಾರೆ, ಅವರಿಗೆ ಹೇಳೋದೇ ಬೇಡ, ಗೊತ್ತಾಗ್ತದೆ ಅಂದ್ರು" ಎಂದರು.

ನನಗೆ ಗೊತ್ತಾಗಬೇಕಿತ್ತು. ಮದುವೆಯಾಗಿ ಬಂದಾಗಿನಿಂದ ನಾನು ಕಡೇ ಪಂಕ್ತಿಯಲ್ಲೇ ಉಂಡವಳು. ಬಂದವರದ್ದೆಲ್ಲ ಆಗಲಿ ಎಂದು ಹಸಿದು ಕಾಯುವುದನ್ನು ನನಗೆ ಯಾರೂ ಕಲಿಸಬೇಕಾಗಿರಲಿಲ್ಲ. ಲೈನಣ್ಣನ ಪಂಕ್ತಿಯಲ್ಲಿ ಮಾತ್ರ ಹದಿನೆಂಟೇ ದಿನಕ್ಕೆ ಎಲೆ ಮಡಚಿ ಎದ್ದುಬಿಟ್ಟೆ.

"ಕಡೆಗೆ ಸರಿ ಮಾಡಿಕೊಟ್ರಾ?" ಎಂದು ಅವರು ಕೇಳಿದರು. ನನ್ನ ಅರ್ಜಿಯ ವಿಷಯ ಅವರಿಗೆ ಗೊತ್ತೇ ಇರಲಿಲ್ಲ. ಲೈನಣ್ಣ ಮನೆಯಲ್ಲಿ ಹೇಳಿರಲಿಲ್ಲ.

"ಮಾಡಿಕೊಟ್ರು. ಚೊಲೋ ಕೇಳ್ತಿತ್ತು" ಎಂದೆ.

"ಹಂಗಾದ್ರೆ ಸರಿ" ಎಂದು ಅವರು ನನ್ನ ಕೈ ಬಿಟ್ಟರು. "ಆ ಪಲ್ಯದ ಪಾತ್ರೆ ತಗಳಿ. ಬಡಿಸೋಕೆ ಜನ ಸಾಲ್ತಿಲ್ಲ."

ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ ಪಾತ್ರೆ ಎತ್ತಿಕೊಂಡೆ.